ಮುಂದಿದ್ದವರ ಹೆಗಲು

ಹಿಂದೆ ಕೂತು ಗಾಡಿ ಓಡಿಸುವವರು ಅಂತ ಲೋಕದಲ್ಲಿ ಒಂದು ವರ್ಗ ಇದೆ. ಅವರ ಕೈಯಲ್ಲಿ ಹ್ಯಾಂಡಲ್ ಇರುವುದಿಲ್ಲ, ಕೈಗೆ ಕಾಲಿಗೆ ಬ್ರೇಕ್ ಸಿಗುವುದಿಲ್ಲ, ಹೆಸರಿನಲ್ಲಿ ಲೈಸನ್ಸ್ ಇರುವುದಿಲ್ಲ. ಆದರೂ ಗಾಡಿ ಅವರು ಹೇಳಿದ ಹಾಗೆಯೇ ಹೋಗುತ್ತದೆ. ಎದುರಿಗೆ ಎಮ್ಮೆ ಬಂದರೆ ಮೊದಲು ನೋಡುವವರು ಅವರು. ತಗ್ಗು ಬಂದರೆ ಮೊದಲು ಉಸಿರು ಬಿಗಿ ಹಿಡಿಯುವವರು ಅವರು. ಗಾಡಿ ತಪ್ಪು ಓಣಿಗೆ ಹೊಕ್ಕರೆ 'ನಾ ಆಗ್ಲೇ ಹೇಳಿದ್ದೆ' ಎನ್ನುವವರೂ ಅವರೇ. ಮದುವೆಯಾದ ಹೊಸತರಿಂದಲೂ ನಾನು ಈ ವರ್ಗಕ್ಕೆ ಸೇರಿದವಳು. ನಮ್ಮವರು ಸ್ಕೂಟರನ್ನು ತಾವೇ ಓಡಿಸುತ್ತಿದ್ದೇವೆ ಅಂತ ಕೊನೆಯವರೆಗೂ ತಿಳಿದುಕೊಂಡಿದ್ದರು. ಆ ಸಮಾಧಾನವನ್ನು ಕೆಡಿಸಲು ನಾನೂ ಹೋಗಲಿಲ್ಲ.

ಹುಮನಾಬಾದಿನಲ್ಲಿ ನಮ್ಮದೊಂದು ಚಿಕ್ಕ ಪೂಜಾ ಸಾಮಾನಿನ ಅಂಗಡಿ. ವಿಭೂತಿ, ಊದಿನಕಡ್ಡಿ, ಕರ್ಪೂರ, ಲೋಬಾನ ಇಡುತ್ತೇವೆ. ಲಿಂಗವನ್ನು ಕೊರಳಲ್ಲಿ ಕಟ್ಟಿಕೊಳ್ಳುವ ಶಿವದಾರವನ್ನು ಮಾತ್ರ ಹೊರಗಿನಿಂದ ತರಿಸುವುದಿಲ್ಲ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನಾನೇ ಹೊಸೆಯುತ್ತೇನೆ. ಬಸವಕಲ್ಯಾಣಕ್ಕೆ ದೂರದೂರದಿಂದ ಭಕ್ತರು ಬರುತ್ತಾರೆ, ಹೋಗುವಾಗ ಒಂದು ದಾರ, ಒಂದು ಗಟ್ಟಿ ವಿಭೂತಿ ಕೊಳ್ಳದೆ ಹೋಗುವವರು ಕಡಿಮೆ. ಅಲ್ಲಿನ ಅಂಗಡಿಗಳಿಗೆ ಪ್ರತಿ ಸೋಮವಾರ ಸಾಮಾನು ಮುಟ್ಟಿಸಿ ಬರುವುದು ನಮ್ಮ ರೂಢಿ. ಅವರು ಮುಂದೆ, ನಾನು ಹಿಂದೆ ಎರಡೂ ಕಾಲು ಒಂದೇ ಕಡೆ ಹಾಕಿಕೊಂಡು, ತೊಡೆಯ ಮೇಲೆ ಚೀಲ. ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗುವ ಲಾರಿಗಳು ಪಕ್ಕದಲ್ಲಿ ಬುರ್ರೆಂದು ಹೋದಾಗಲೆಲ್ಲ ಅವರ ಅಂಗಿ ಹಿಡಿಯುವುದು, ರಾಜೇಶ್ವರದಲ್ಲಿ ಇಳಿದು ಒಂದು ಕಪ್ ಚಹಾ ಕುಡಿಯುವುದು, ಸಸ್ತಾಪುರ ಬಂಗ್ಲಾದ ಹತ್ತಿರ ಕಲ್ಯಾಣದ ಕಡೆ ಹೊರಳುವುದು. ಅಂಗಡಿಯಲ್ಲಿ ವಾರವಿಡೀ ಗಿರಾಕಿಗಳ ಜೊತೆ ಮಾತು, ನಮ್ಮ ನಮ್ಮ ಮಾತಿಗೆ ಹೊತ್ತು ಸಿಗುತ್ತಿರಲಿಲ್ಲ. ಸೋಮವಾರದ ಆ ದಾರಿಯೇ ನಮ್ಮ ಸಂಸಾರ ಅಂದರೂ ಆದೀತು.

ಆದರೆ ಕಲ್ಯಾಣದ ದಾರಿ ಹಿಡಿಯುವ ಮೊದಲು ನಮ್ಮ ಊರಿನದೇ ಸಿಗ್ನಲ್ ದಾಟಬೇಕಲ್ಲ. ಅದು ಹೊಸದಾಗಿ ಬಂದಾಗ ಮಂದಿ ನೋಡಲೆಂದೇ ಸರ್ಕಲ್ಲಿಗೆ ಹೋಗಿ ಬಂದರು. ನೋಡಿದರು, ಚೆನ್ನಾಗಿದೆ ಅಂದರು, ಆಮೇಲೆ ತಮ್ಮ ರೂಢಿಯಂತೆ ನಡೆದರು. ಕೆಂಪು ದೀಪ ನಿಲ್ಲಬೇಕು ಅಂತ ಹೇಳುತ್ತದೆ, ಎಲ್ಲಿ ನಿಲ್ಲಬೇಕು ಅಂತ ಹೇಳುವುದಿಲ್ಲ ಎನ್ನುವುದು ನಮ್ಮ ಕಡೆಯ ತಿಳುವಳಿಕೆ. ಮೊದಲು ಬಂದ ಲಾರಿ ಬಿಳಿ ಗೆರೆಯ ಹಿಂದೆ ಮರ್ಯಾದೆಯಿಂದ ನಿಲ್ಲುತ್ತದೆ. ಅದರ ಎಡಕ್ಕೂ ಬಲಕ್ಕೂ ಆಟೊಗಳು ಬಂದು ಒತ್ತಿಕೊಳ್ಳುತ್ತವೆ. ಆಟೊಗಳ ಸಂದಿಯೊಳಗಿಂದ ಮೋಟರ್ ಸೈಕಲ್ಲುಗಳು, ಚೀಲದ ತೂತಿನಿಂದ ಜೋಳ ಸುರಿದ ಹಾಗೆ ಸುರಿದು ಮುಂದೆ ಬರುತ್ತವೆ. ಬಂದವು ಗೆರೆ ದಾಟುತ್ತವೆ, ನಡೆಯುವವರಿಗೆಂದು ಬಳಿದ ಪಟ್ಟೆ ದಾಟುತ್ತವೆ, ಕಡೆಗೆ ದೀಪದ ಕಂಬವನ್ನೇ ದಾಟಿ ನಿಲ್ಲುತ್ತವೆ. ಹೀಗೆ ಎಲ್ಲರಿಗಿಂತ ಮುಂದೆ ಹೋಗಿ ನಿಂತವರಿಗೆ ದೀಪವೇ ಕಾಣುವುದಿಲ್ಲ, ಅದು ಅವರ ಬೆನ್ನ ಹಿಂದೆ ಉಳಿದಿರುತ್ತದೆ. ಹಸಿರು ಬಿದ್ದದ್ದು ಅವರಿಗೆ ತಿಳಿಯುವುದು ಹಿಂದಿನವರು ಹಾರ್ನ್ ಹೊಡೆದಾಗ. ಯೋಚನೆ ಮಾಡಿದರೆ, ಇಡೀ ಊರೇ ಹಿಂದಿದ್ದವರ ಮಾತಿನ ಮೇಲೆ ನಡೆಯುತ್ತದೆ. ಹೊರಗಿನಿಂದ ಬಂದವರು ಇಷ್ಟು ಹಾರ್ನ್ ಯಾಕೆ ಅಂತ ಮುಖ ಸಿಂಡರಿಸುತ್ತಾರೆ. ನಾನೂ ಒಮ್ಮೆ ಬೈದುಕೊಂಡಿದ್ದೆ. ಅದಕ್ಕೆ ನಮ್ಮವರು ಹೇಳಿದ್ದರು: 'ಹಾರ್ನ್ ಅಂದ್ರ ಸಿಟ್ಟಲ್ಲ. ಹಿಂದ ನಾನೂ ಅದೀನಿ ಅಂತ ಹೇಳೂದು, ಅಷ್ಟ.'

ನಮ್ಮವರಿಗೆ ಸಿಗ್ನಲ್ ಅಂದರೆ ಬೇರೆ ಪ್ರೀತಿ. ಕೆಂಪು ಬಿದ್ದ ಕೂಡಲೇ ಎಂಜಿನ್ ಬಂದ್ ಮಾಡಿ, ಎರಡೂ ಕಾಲು ನೆಲಕ್ಕೆ ಊರಿ, ಪಕ್ಕದ ಗಾಡಿಯವರ ಕಡೆ ತಿರುಗುತ್ತಿದ್ದರು. 'ಯಾ ಊರ್ರಿ ನಿಮ್ದು? ಮುಡಬಿ? ಮುಡಬ್ಯಾಗ ಯಾರ ಪೈಕಿ?' ಪಕ್ಕದವರು ಅಂಥವರೇ ಆಗಿದ್ದರೆ ಕೆಂಪು ದೀಪ ಕಳೆಯುವುದರೊಳಗೆ ಎರಡು ತಲೆಮಾರಿನ ಸಂಬಂಧ ಹೊರಗೆ ಬರುತ್ತಿತ್ತು. ಒಮ್ಮೆ ಒಬ್ಬರ ಸೋದರತ್ತೆ ನಮಗೆ ದೂರದ ಬೀಗಿತ್ತಿ ಅಂತ ಗೊತ್ತಾಗುವ ಹೊತ್ತಿಗೆ ಹಸಿರು ಬಿದ್ದು, ಹೋಗಿ, ಮತ್ತೆ ಕೆಂಪಾಗಿತ್ತು. ಪೊಲೀಸಪ್ಪ ಹತ್ತಿರ ಬಂದು, 'ಯಜಮಾನ್ರ, ಇದು ಸಿಗ್ನಲ್ ಅದರಿ, ಕಟ್ಟಿ ಅಲ್ಲ' ಅಂದರು. ನಮ್ಮವರು ನಗುತ್ತಲೇ, 'ಅಲ್ರೀ ಸಾಹೇಬ್ರ, ಎಲ್ಲಾರ್ನೂ ಹಿಡದು ಒಂದ ಕಡೆ ನಿಲ್ಲಿಸಿದವ್ರು ನೀವ. ಮಂದಿ ನಿಂತ ಮ್ಯಾಲ ಮಾತಾಡ್ಲಾರ್ದ ಇರ್ತಾರೇನು?' ಅಂದರು. ಪೊಲೀಸಪ್ಪನಿಗೂ ನಗು ಬಂತು. ಅವರು ಯಾವ ಊರು, ಯಾರ ಪೈಕಿ ಅಂತ ನಮ್ಮವರು ಮುಂದಿನ ಸೋಮವಾರವೇ ತಿಳಿದುಕೊಂಡರು.

ಇಂಥವರಿಗೆ ದೀಪ ನೋಡಲು ಪುರಸತ್ತು ಎಲ್ಲಿ? 'ಆ ದೀಪ ನನಗ ಹಚ್ಚಿಲ್ಲ, ನಿನಗ ಹಚ್ಚ್ಯಾರ' ಅಂತ ಆ ಕೆಲಸವನ್ನು ನನಗೆ ಒಪ್ಪಿಸಿಬಿಟ್ಟಿದ್ದರು. ಮೊದಮೊದಲು ಬಾಯಿಯಿಂದ ಹೇಳುತ್ತಿದ್ದೆ. ಹೆಲ್ಮೆಟ್ ಬಂದ ಮೇಲೆ ಕೇಳಿಸದಾಯಿತು. ಬೆರಳು ಮಡಚಿ ಹೆಲ್ಮೆಟ್ಟಿನ ಮೇಲೆ ಟಕಟಕ ಬಡಿದು ನೋಡಿದೆ. 'ಏ, ಗುಡಿ ಗಂಟಿ ಬಾರ್ಸಿದಂಗ ಬಾರಸಬ್ಯಾಡ. ಒಳಗ ದೇವ್ರಿಲ್ಲ, ನಾ ಅದೀನಿ' ಅಂದರು. ಆಮೇಲೆ ನಿಂತದ್ದು ಹೆಗಲಿಗೆ. ಬಲ ಹೆಗಲ ಮೇಲೆ ಅಂಗೈಯಿಂದ ಮೆಲ್ಲಗೆ ಒಂದು ತಟ್ಟು, ಜೊತೆಗೆ 'ಹೂಂ, ನಡೀರಿ'. ಮಾತು ಎಲ್ಲಿಗೆ ಬಂದಿದ್ದರೂ ಅಲ್ಲಿಗೆ ಬಿಟ್ಟು, ತಲೆ ಎತ್ತಿ ದೀಪವನ್ನೂ ನೋಡದೆ, ಗಾಡಿ ಎಬ್ಬಿಸಿ ಹೊರಟುಬಿಡುತ್ತಿದ್ದರು. ನನ್ನ ಕೈಯನ್ನು ಅಷ್ಟು ನಂಬಿದವರು ಇನ್ನೊಬ್ಬರಿಲ್ಲ. ನಾನು ಹೊಸೆದ ದಾರವನ್ನು ಗಿರಾಕಿಗಳು ಎರಡು ಸಲ ಎಳೆದು ನೋಡಿ ಕೊಳ್ಳುತ್ತಾರೆ.

ಅವರು ಹೋದದ್ದು ಗಾಡಿಯ ಮೇಲೆ ಅಲ್ಲ. ಮಾತಾಡಿಸಲು ಬಂದವರೆಲ್ಲ ಮೊದಲು ಅದನ್ನೇ ಕೇಳಿದರು, 'ಗಾಡಿ ಮ್ಯಾಲೇನ್ರಿ?' ಅಂತ. ದೀಪ ನೋಡದೆ ಅಷ್ಟು ವರ್ಷ ಓಡಾಡಿದವರಿಗೆ ರಸ್ತೆಯಲ್ಲಿ ಏನೂ ಆಗಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ, ಅಂಗಡಿಯಲ್ಲಿ ಕೂತು ಕರ್ಪೂರದ ಪೊಟ್ಟಣ ಕಟ್ಟುತ್ತಿದ್ದವರು ಹಾಗೆಯೇ ಗೋಡೆಗೆ ಒರಗಿದರಂತೆ. ನಾನು ಹಿಂದಿನ ಕೋಣೆಯಲ್ಲಿ ದಾರ ಹೊಸೆಯುತ್ತಿದ್ದೆ. ಗಿರಾಕಿಯೊಬ್ಬರು ಕೂಗಿದಾಗ ಎದ್ದು ಬಂದೆ. ಕಣ್ಣು ಹತ್ತಿರಬೇಕು ಅಂದುಕೊಂಡು ಹೆಗಲು ತಟ್ಟಿದೆ. ಅಷ್ಟರೊಳಗೆ ಹೊರಟುಬಿಟ್ಟಿದ್ದರು. ಅಷ್ಟು ವರ್ಷದಲ್ಲಿ ನಾನು ಹೇಳದೆ ಅವರು ಹೊರಟದ್ದು ಅದೊಂದೇ ಸಲ.

ಸ್ಕೂಟರು ಅಂಗಳದ ಬೇವಿನ ಗಿಡದ ಕೆಳಗೆ ನಿಂತಿತು. ನನ್ನದೊಂದು ಹಳೆಯ ಸೀರೆ ಹೊದಿಸಿದೆ. ನನ್ನ ಮೈದುನ ಕಾಶೀನಾಥ ಕಾಳಿನ ಮಾರ್ಕೆಟ್ಟಿನಲ್ಲಿ ತೊಗರಿ ವ್ಯಾಪಾರ ಮಾಡುತ್ತಾನೆ. ನಾನು ಮದುವೆಯಾಗಿ ಬಂದಾಗ ಶಾಲೆಗೆ ಹೋಗುತ್ತಿದ್ದ, ನನ್ನ ಕೈಯ ರೊಟ್ಟಿ ತಿಂದು ದೊಡ್ಡವನಾದವನು. ಅಣ್ಣ ಹೋದ ಮೇಲೆ ದಿನಾ ಒಂದು ಸಲ ಬಂದು, ಏನು ಮಾತಾಡಬೇಕೋ ತಿಳಿಯದೆ, ನೀರು ಕುಡಿದು ಹೋಗುತ್ತಿದ್ದ. ಒಂದು ದಿನ ಸೀರೆಯ ಅಂಚು ಎತ್ತಿ ಗಾಲಿ ನೋಡಿ ಹೇಳಿದ: 'ವೈನಿ, ನಿಂತ ಗಾಡಿ ಜಂಗ್ ಹಿಡೀತದ. ಗಿರಾಕಿ ಅದಾರ, ಕೊಟ್ಟು ಬಿಡೋಣು. ಕಲ್ಯಾಣದ ಸಾಮಾನು ನಾ ಬಸ್ಸಿನ್ಯಾಗ ಹಾಕಿ ಕಳಸ್ತೀನಿ. ನೀವ್ಯಾಕ ಫಿಕೀರ್ ಮಾಡ್ತೀರಿ?' ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಶಿವದಾರವನ್ನು ಬಸ್ಸಿನಲ್ಲಿ ಹಾಕಿ ಕಳಿಸಬಹುದು. ನನ್ನ ಸೋಮವಾರವನ್ನು ಎಲ್ಲಿ ಹಾಕಿ ಕಳಿಸುವುದು? ಆ ಗಾಡಿ ಹೋದರೆ ಆ ದಾರಿ ಹೋಗುತ್ತದೆ, ರಾಜೇಶ್ವರದ ಚಹಾ ಹೋಗುತ್ತದೆ, ಅವರ ಜೊತೆ ಇನ್ನೂ ಉಳಿದಿದ್ದ ನಾಲ್ಕು ಮಾತೂ ಹೋಗುತ್ತದೆ. 'ನಾನ ಕಲೀತೀನಿ' ಅಂದೆ. ಅವನು ನಕ್ಕ. ನಾನು ನಗುತ್ತಿಲ್ಲ ಅಂತ ಕಂಡ ಮೇಲೆ ನೀರು ಕುಡಿದು ಹೋದ.

ಕಲಿಸಿದವರು ಪಕ್ಕದ ಮನೆಯ ಶಮೀಮ್ ಆಪಾ. ಉರ್ದು ಶಾಲೆಯಲ್ಲಿ ಟೀಚರು, ದಿನಾ ಸ್ಕೂಟಿಯಲ್ಲಿ ಹೋಗಿ ಬರುವವರು. ರವಿವಾರ ಶಾಲೆಯ ಬಯಲಿನಲ್ಲಿ ನಮ್ಮ ಸ್ಕೂಟರಿನ ಮೇಲೆಯೇ ನನ್ನನ್ನು ಮುಂದೆ ಕೂರಿಸಿ, ತಾವು ಬುರ್ಖಾ ಎತ್ತಿ ಹಿಡಿದು ಪಕ್ಕದಲ್ಲಿ ಓಡುತ್ತಿದ್ದರು. ನನ್ನ ಮೈ ಒಂದೇ ಕಡೆ ವಾಲುತ್ತಿತ್ತು. 'ಅರೆ ಬೆಹೆನ್, ನೀವು ಮುಂದ ಕೂತೀರಿ! ಹಿಂದ ಕೂತೋರಂಗ ಬಾಜೂಕ ಯಾಕ ವಾಲ್ತೀರಿ?' ಅಂತ ಅವರು ಕೂಗಿದಾಗಲೇ ನನಗೂ ತಿಳಿದದ್ದು, ಇಷ್ಟು ವರ್ಷ ನಾನು ಲೋಕವನ್ನು ಎಡಗಡೆಯಿಂದ ಮಾತ್ರ ನೋಡಿದ್ದೆ ಅಂತ. ಇನ್ನೊಂದು ಸಂಗತಿಯೂ ಆ ಬಯಲಿನಲ್ಲಿ ತಿಳಿಯಿತು. ಬಲಗಡೆಯ ಕನ್ನಡಿಯಲ್ಲಿ ಹಿಂದಿನ ದಾರಿ ಕಾಣುತ್ತಿತ್ತು. ಎಡಗನ್ನಡಿಯಲ್ಲಿ ದಾರಿ ಕಾಣುತ್ತಿರಲಿಲ್ಲ, ಖಾಲಿ ಸೀಟು ಕಾಣುತ್ತಿತ್ತು. ಹಿಂದೆ ಕೂತವರ ಮುಖ ಕಾಣುವ ಹಾಗೆ ಅದನ್ನು ಯಾರೋ ತಿರುಗಿಸಿ ಇಟ್ಟಿದ್ದರು. ಯಾರೋ ಏನು, ಆ ಗಾಡಿ ಓಡಿಸುತ್ತಿದ್ದವರು ಒಬ್ಬರೇ. ಆಪಾ ಸರಿ ಮಾಡಲು ಕೈ ಹಾಕಿದರು. 'ಇರ್ಲಿ ಬಿಡ್ರಿ ಆಪಾ' ಅಂದೆ. ಅವರು ನನ್ನ ಮುಖ ನೋಡಿ ಕೈ ತೆಗೆದರು.

ಲೈಸನ್ಸಿನ ಪರೀಕ್ಷೆಯೂ ಆಯಿತು. ಹಳದಿ ದೀಪ ಬಂದರೆ ಏನು ಮಾಡಬೇಕು ಅಂತ ಸಾಹೇಬರು ಕೇಳಿದರು. 'ಮುಂದಿದ್ದವ್ರಿಗೆ ತಯಾರ್ ಆಗ್ರಿ ಅಂತ ಹೇಳಬೇಕ್ರಿ' ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಉಳಿದ ಉತ್ತರಗಳು ಸರಿ ಇದ್ದವು ಅಂತ ಕಾಣುತ್ತದೆ, ಪಾಸು ಮಾಡಿದರು. ಆ ಉತ್ತರದಲ್ಲೇ ಮುಂದಿನ ಕಷ್ಟದ ಬೀಜ ಇತ್ತು ಎನ್ನುವುದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಮೊದಲಿನ ಕೆಲವು ಸೋಮವಾರ ಚೆನ್ನಾಗಿಯೇ ಹೋಗಿ ಬಂದೆ. ಆಮೇಲೆ ಆ ಸೋಮವಾರ ಬಂತು. ಸರ್ಕಲ್ಲಿನಲ್ಲಿ ಕೆಂಪು ಬಿದ್ದಿತ್ತು. ನಾನೂ ಊರಿನವಳೇ ಅಲ್ಲವೇ, ಆಟೊಗಳ ಸಂದಿಯಲ್ಲಿ ತೂರಿ ತೂರಿ ಒಂದು ಮೋಟರ್ ಸೈಕಲ್ಲಿನ ಪಕ್ಕಕ್ಕೆ ನನ್ನ ಮುಂದಿನ ಗಾಲಿ ಸೇರಿಸಿ ನಿಂತೆ. ಆ ಗಾಡಿಯ ಮೇಲೆ ಅಗಲ ಬೆನ್ನಿನ, ಬಿಳಿ ಅಂಗಿಯ ಒಬ್ಬರಿದ್ದರು. ಕಿವಿಗೆ ಫೋನು ಒತ್ತಿಟ್ಟು ಅದರ ಮೇಲೆ ಟವೆಲ್ ಬಿಗಿದುಕೊಂಡು ಯಾರೊಂದಿಗೋ ತೊಗರಿ ಧಾರಣೆ ಮಾತಾಡುತ್ತಿದ್ದರು. ಹಸಿರು ಬಿತ್ತು. ಅವರು ಅಲುಗಲಿಲ್ಲ. ಮುಂದೆ ಆದದ್ದು ನಾನು ಮಾಡಿದ್ದಲ್ಲ, ನನ್ನ ಕೈ ಮಾಡಿದ್ದು. ಹ್ಯಾಂಡಲ್ ಬಿಟ್ಟು ಎದ್ದು ಅವರ ಬಲ ಹೆಗಲ ಮೇಲೆ ಮೆಲ್ಲಗೆ ಒಂದು ತಟ್ಟಿತು. ಬಾಯಿಯೂ ಕೈಯ ಜೊತೆ ಸೇರಿ, 'ಹೂಂ, ನಡೀರಿ' ಅಂತು.

ಇಷ್ಟೇ ಆಗಿದ್ದರೆ ಕ್ಷಮೆ ಕೇಳಿ ಮುಗಿಸಬಹುದಿತ್ತು. ಆದರೆ ಅವರು 'ಹೂಂ, ಹೂಂ, ಹೊಂಟೆ' ಅಂತ ಹೇಳಿ ಹೊರಟೇಬಿಟ್ಟರು! ತಿರುಗಿ ಕೂಡ ನೋಡಲಿಲ್ಲ. ಅರ್ಧ ಸರ್ಕಲ್ ದಾಟಿದ ಮೇಲೆ ಮನೆಯಿಂದ ಒಬ್ಬರೇ ಬಂದದ್ದು ನೆನಪಾಗಿರಬೇಕು. ಗಕ್ಕನೆ ಹಿಂದೆ ತಿರುಗಿದರು, ಹಿಂದೆ ಯಾರೂ ಇಲ್ಲ, ಗಾಡಿ ಎಳನೀರಿನ ತಳ್ಳುಗಾಡಿಗೆ ಹೋಗಿ ಆತುಕೊಂಡಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಎರಡು ಕಾಯಿ ಉರುಳಿದವು. ನಾನೂ ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಅವರು ಟವೆಲ್ ಬಿಚ್ಚುತ್ತ ಬಂದರು.

'ಏನ್ರೀ ಅಕ್ಕೋರ, ಯಾರ್ರಿ ನೀವು? ನನಗ್ಯಾಕ ಬಡದ್ರಿ?'

'ಹಸರು ಬಿದ್ದಿತ್ರಿ...' ಅಂತ ದೀಪದ ಕಡೆ ಕೈ ತೋರಿಸಿದೆ.

'ಹಸರು ಸರ್ಕಾರದ್ದರಿ, ಹೆಗಲು ನಂದದ! ನಮ್ಮಕಿ ತವರಿಗೆ ಹೋಗಿ ವಾರ ಆಯ್ತು. ಹೇಳ್ದ ಕೇಳ್ದ ಬಂದಾಳ ಅಂತ ಎದಿ ಝಲ್ ಅಂತರಿ!'

ಸುತ್ತಲಿದ್ದವರು ನಗಲು ಹತ್ತಿದರು. ಆಟೊದವನೊಬ್ಬ ತಲೆ ಹೊರಗೆ ಹಾಕಿ, 'ಅಕ್ಕೋರ, ನನಗೂ ಒಂದು ಬಡೀರಿ, ನಮ್ ಆಟೊ ಚಾಲೂನ ಆಗವಲ್ದು!' ಅಂದ. ನಗು ಇನ್ನೂ ದೊಡ್ಡದಾಯಿತು. ನಾನು ಕೈ ಮುಗಿದು, 'ತಪ್ಪಾತ್ರಿ, ನೀವು ನಮ್ಮವರಂಗ ಕಂಡ್ರಿ' ಅಂದೆ. ಹಾಗೆ ಅಂದದ್ದು ಇನ್ನೂ ದೊಡ್ಡ ತಪ್ಪು ಅಂತ ಅಂದ ಮೇಲೆ ತಿಳಿಯಿತು. ಅವರ ಕಣ್ಣು ನನ್ನ ಬರಿ ಹಣೆಯ ಮೇಲೆ, ಬರಿ ಕೈಗಳ ಮೇಲೆ ಹೋಯಿತು. ಉರುಳಿದ ಕಾಯಿ ಎತ್ತಿ ತಳ್ಳುಗಾಡಿಯ ಮೇಲಿಟ್ಟು, ಟವೆಲ್ ಬಿಗಿದುಕೊಂಡು ಹೋದರು. ಆ ದಿನ ಕಲ್ಯಾಣದವರೆಗೂ ಒಂದೇ ಯೋಚನೆ. ನಮ್ಮ ಮಂದಿ ಗೆರೆಯ ಹಿಂದೆ, ಒಬ್ಬರ ಹಿಂದೆ ಒಬ್ಬರು ನಿಲ್ಲುವ ಮಂದಿ ಆಗಿದ್ದರೆ ನನ್ನ ಕೈ ಅವರಿಗೆ ಮುಟ್ಟುತ್ತಲೇ ಇರಲಿಲ್ಲ. ನನ್ನ ಮಾನ ಹೋದದ್ದು ಊರಿನ ಒತ್ತೊತ್ತಿ ನಿಲ್ಲುವ ಚಾಳಿಯಿಂದ. ಹೀಗೆ ತಪ್ಪನ್ನು ಊರ ಮೇಲೆ ಹಾಕಿ ರಾಜೇಶ್ವರದವರೆಗೆ ಸಮಾಧಾನ ಮಾಡಿಕೊಂಡೆ. ಅಲ್ಲಿ ಚಹಾ ಕುಡಿಯಲು ಆಗಲಿಲ್ಲ.

ನಮ್ಮಂಥ ಊರಿನಲ್ಲಿ ಅಪರಿಚಿತರು ಅಂತ ಯಾರೂ ಇರುವುದಿಲ್ಲ. ಆ ಬಿಳಿ ಅಂಗಿಯವರು ಘಾಟಬೋರಾಳದ ವೀರಶೆಟ್ಟಿ, ತೊಗರಿ ಮಾರುವುದು ಕಾಶೀನಾಥನ ಅಂಗಡಿಯಲ್ಲೇ. ಸಂಜೆ ಕಾಶೀನಾಥ ಬಂದ. ನೀರು ಕೊಟ್ಟರೆ ಕುಡಿಯಲಿಲ್ಲ.

'ವೈನಿ, ಇವತ್ತು ವೀರಶೆಟ್ಟಿ ಬಂದಿದ್ದ. ತೊಗರಿ ಸುದ್ದಿ ಆಡ್ಲಿಲ್ಲ, ನಿಮ್ಮ ಸುದ್ದಿ ಆಡಿದ. ಅವ ಕೆಟ್ಟ ಮನಸ್ಸಿನಿಂದ ಹೇಳಿಲ್ಲ, ಖರೇ. ಕೇಳಿದವ್ರು ನಕ್ಕರಲ್ಲ, ಅದು ನನಗ ಸಹನಾಗ್ಲಿಲ್ಲ. ಅಣ್ಣ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮಂದಿ ಬಾಯಿ ಹ್ಯಾಂಗ ಮುಚ್ಚೂದು? ಕೀಲಿ ಕೊಡ್ರಿ.'

ಗಾಡಿಯ ಕೀಲಿಯನ್ನು ನಾನೇ ಹೊಸೆದ ಒಂದು ಶಿವದಾರದ ತುಂಡಿಗೆ ಕಟ್ಟಿಕೊಟ್ಟಿದ್ದೆ, ಅವರಿದ್ದಾಗಲೇ. ಅದು ಗೂಟಕ್ಕೆ ತೂಗುತ್ತಿತ್ತು. ಕಾಶೀನಾಥ ಎದ್ದು ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ನಾನೇ ಕೊಡಲಿ ಅಂತ ನಿಂತಿದ್ದ. ನಾನು ಕೊಡಲಿಲ್ಲ.

'ಒಂದು ಸೋಮವಾರ ನನ್ನ ಹಿಂದ ಕೂಡು, ಕಾಶೀ. ಸಿಗ್ನಲ್‌ನ್ಯಾಗ ನನ್ನ ಕೈ ಹ್ಯಾಂಡಲ್ ಬಿಟ್ಟು ಎದ್ದಿದ್ದು ಕಂಡ್ರ, ಅಲ್ಲೇ ಇಳಿದು ಕೀಲಿ ತಗೊ. ನಾ ಒಂದು ಮಾತೂ ಆಡೂದಿಲ್ಲ.'

'ನಾ? ನಿಮ್ಮ ಹಿಂದ? ಮಾರ್ಕೆಟ್ ಮಂದಿ ನೋಡಿದ್ರ ಏನಂದಾರು?'

'ನಾ ನಿಮ್ಮಣ್ಣನ ಹಿಂದ ಇಷ್ಟು ವರ್ಷ ಕೂತೀನಿ. ನನಗ ಯಾರೂ ಏನೂ ಅಂದಿಲ್ಲ.'

ಅವನಿಗೆ ನಗು ಬಂತು, ಬಂದ ನಗುವನ್ನು ನುಂಗಿದ. 'ಆತು, ಒಂದ ಸೋಮವಾರ' ಅಂದ.

ಆ ಸೋಮವಾರ ಅವನು ಹೆಲ್ಮೆಟ್ಟಿನ ಗಾಜು ಪೂರ್ತಿ ಇಳಿಸಿಕೊಂಡು ಬಂದ. ಗುರುತು ಸಿಗಬಾರದಲ್ಲ. ನಮ್ಮಿಬ್ಬರ ನಡುವೆ ವಿಭೂತಿಯ ಚೀಲವನ್ನು ಗೋಡೆಯ ಹಾಗೆ ಇಟ್ಟುಕೊಂಡು, ಎರಡೂ ಕೈಯಿಂದ ಹಿಂದಿನ ಕಂಬಿ ಹಿಡಿದು ಕೂತ. ಹೋಗುವಾಗ ಸಿಗ್ನಲ್ ಹಸಿರೇ ಇತ್ತು, ಪರೀಕ್ಷೆ ಆಗಲಿಲ್ಲ. ದಾರಿಯುದ್ದಕ್ಕೂ ಲಾರಿ ಹತ್ತಿರ ಬಂದಾಗಲೆಲ್ಲ ಅವನು ಉಸಿರು ಬಿಗಿ ಹಿಡಿಯುವುದು ನನಗೆ ಕೇಳುತ್ತಿತ್ತು. ಹಿಂದೆ ಕೂತವರ ವರ್ಗಕ್ಕೆ ಸೇರಲು ಮನುಷ್ಯನಿಗೆ ಹೆಚ್ಚು ಹೊತ್ತು ಬೇಡ. ಕಲ್ಯಾಣದಲ್ಲಿ ಸಾಮಾನು ಮುಟ್ಟಿಸಿದೆವು. ಬರುವಾಗ ರಾಜೇಶ್ವರದಲ್ಲಿ ಚಹಾ ಕುಡಿದೆವು. ಅಣ್ಣ ಯಾವ ಬೆಂಚಿನ ಮೇಲೆ ಕೂಡುತ್ತಿದ್ದ ಅಂತ ಕೇಳಿದ. ತೋರಿಸಿದೆ. ಅವನು ಅದರ ಪಕ್ಕದ ಬೆಂಚಿನಲ್ಲಿ ಕೂತ.

ತಿರುಗಿ ಊರಿಗೆ ಬಂದಾಗ ಸರ್ಕಲ್ಲಿನಲ್ಲಿ ಕೆಂಪು. ನಿಲ್ಲಿಸಿದೆ. ಈ ಸಲವೂ ನನ್ನ ಮುಂದೆ ಒಂದು ಅಗಲ ಬೆನ್ನು, ಒಂದು ಬಲ ಹೆಗಲು, ಕೈಗೆ ಸಿಗುವಷ್ಟು ಹತ್ತಿರ. ದೇವರು ಪರೀಕ್ಷೆ ಮಾಡುವಾಗ ಪ್ರಶ್ನೆ ಬದಲಿಸುವುದಿಲ್ಲ. ಎರಡೂ ಕೈಯಿಂದ ಹ್ಯಾಂಡಲ್ ಬಿಗಿ ಹಿಡಿದೆ. ಮುಟ್ಟಬಾರದು, ಮುಟ್ಟಬಾರದು ಅಂತ ಆ ಹೆಗಲನ್ನೇ ನೋಡುತ್ತಿದ್ದೆ. ಅದು ಹೊರಟಿತು. ಹೊರಟು ಹೋದ ಹೆಗಲಿನ ಜಾಗವನ್ನೂ ನೋಡುತ್ತಿದ್ದೆ. ಮುಂದೆ ದಾರಿ ಖಾಲಿ ಇತ್ತು. ಹಿಂದಿನಿಂದ ಆಟೊ, ಲಾರಿ, ಬಸ್ಸು, ಎಲ್ಲ ಸೇರಿ ಹಾರ್ನ್ ಹೊಡೆಯುತ್ತಿದ್ದದ್ದು ಎಲ್ಲೋ ದೂರದಲ್ಲಿ ಕೇಳಿದ ಹಾಗಿತ್ತು. ಮುಟ್ಟುವ ಕೆಲಸ ಇಲ್ಲ ಅಂದ ಮೇಲೆ ಸಿಗ್ನಲ್‌ನಲ್ಲಿ ನನಗೆ ಬೇರೆ ಏನು ಕೆಲಸ ಅಂತ ನನಗೆ ತಿಳಿಯಲೇ ಇಲ್ಲ.

ಆಗ ನನ್ನ ಬಲ ಹೆಗಲ ಮೇಲೆ ಒಂದು ಅಂಗೈ ಬಿತ್ತು. ಮೆಲ್ಲಗೆ, ಒಂದೇ ಸಲ.

'ಹೂಂ, ನಡೀರಿ.'

ನಾನು ಹೊರಟೆ. ತಲೆ ಎತ್ತಿ ದೀಪ ನೋಡಲಿಲ್ಲ. ಸರ್ಕಲ್ ದಾಟಿ ಸ್ವಲ್ಪ ದೂರ ಹೋಗಿ ಗಾಡಿ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಇಬ್ಬರೂ ಇಳಿಯಲಿಲ್ಲ.

'ತಪ್ಪಾತು ವೈನಿ' ಅಂದ ಕಾಶೀನಾಥ. 'ನನಗ ಗೊತ್ತಾಗ್ಲಾರ್ದ ಕೈ ಎದ್ದು ಬಿಡ್ತು. ಅಣ್ಣನ ಹಿಂದ ಕೂತ್ರ ನಾನೂ ಹಿಂಗ ಬಡೀತಿದ್ದೆ. ಅವ ಎಂದರ ದೀಪ ನೋಡ್ಯಾನೇನು?'

'ಎಂದೂ ನೋಡಿಲ್ಲ' ಅಂದೆ.

'ಯಾ ಊರ್ರಿ, ಯಾರ ಪೈಕಿ...' ಅಂತ ಅವನು ಅಣ್ಣನ ದನಿಯನ್ನೇ ತೆಗೆದ. ಇಬ್ಬರಿಗೂ ನಗು ಬಂತು. ರಸ್ತೆಯ ಪಕ್ಕದಲ್ಲಿ, ಚೀಲವನ್ನು ನಡುವೆ ಇಟ್ಟುಕೊಂಡು, ಹೆಲ್ಮೆಟ್ ಹಾಕಿಕೊಂಡೇ ನಕ್ಕೆವು. ನಕ್ಕು ಮುಗಿದ ಮೇಲೆ ಎಡಗನ್ನಡಿಯಲ್ಲಿ ಅವನು ಮೇಲೆತ್ತಿದ್ದ ಗಾಜನ್ನು ಮತ್ತೆ ಕೆಳಗೆ ಇಳಿಸಿದ್ದು ಕಂಡಿತು. 'ಧೂಳು ಭಾಳ ಅದ' ಅಂದ. ಆ ಹೊತ್ತಿನಲ್ಲಿ ಗಾಡಿಗಳೂ ಇರಲಿಲ್ಲ, ಧೂಳೂ ಇರಲಿಲ್ಲ. ನನಗೆ ಒಂದು ಕಡೆ ಹೊಟ್ಟೆ ತಣ್ಣಗಾಯಿತು, ಇನ್ನೊಂದು ಕಡೆ, ಸುಳ್ಳೇಕೆ ಹೇಳಲಿ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆ ಹೆಗಲು ನನ್ನ ಕೈಯೊಂದಕ್ಕೇ ಗೊತ್ತು ಅಂದುಕೊಂಡಿದ್ದೆ. ಅದು ಗೊತ್ತಿದ್ದವರು ಇನ್ನೊಬ್ಬರೂ ಇದ್ದರು, ದಿನಾ ಮನೆಗೆ ಬಂದು ನೀರು ಕುಡಿದು ಹೋಗುತ್ತಿದ್ದರು.

ಮನೆ ಮುಟ್ಟಿದ ಮೇಲೆ ಕೀಲಿ ತೆಗೆದು ಅವನ ಮುಂದೆ ಹಿಡಿದೆ. ಮಾತಿನ ಪ್ರಕಾರ ನನ್ನ ಕೈ ಎದ್ದಿರಲಿಲ್ಲ, ಆದರೆ ಗಾಡಿಯೂ ಎದ್ದಿರಲಿಲ್ಲ. ಪಾಸು ಅನ್ನಬೇಕೋ ನಪಾಸು ಅನ್ನಬೇಕೋ ಅವನೇ ಹೇಳಲಿ. ಅವನು ದಾರವನ್ನು ಎರಡು ಸಲ ಎಳೆದು ನೋಡಿದ.

'ನಿಮ್ಮ ಕಡೀನ ಇರ್ಲಿ ವೈನಿ. ನನ್ನ ಕೈಯೇ ಸುಮ್ಮ ಕೂಡ್ಲಿಲ್ಲ, ನಿಮ್ಮ ಕೈಗೆ ನಾ ಏನ್ ಹೇಳ್ಲಿ? ಮಾರ್ಕೆಟನ್ಯಾಗ ಯಾರರ ನಕ್ರ, ಅವ್ರನ್ನ ಒಂದ್ಸಲ ನಿಮ್ಮ ಹಿಂದ ಕೂಡಸ್ತೀನಿ.' ಕೀಲಿಯನ್ನು ತಾನೇ ಗೂಟಕ್ಕೆ ತೂಗಹಾಕಿ, ಎರಡು ತಂಬಿಗೆ ನೀರು ಕುಡಿದು ಹೋದ.

ಈಗ ನನ್ನ ಕೈ ಬಹುಮಟ್ಟಿಗೆ ಹೇಳಿದ ಮಾತು ಕೇಳುತ್ತದೆ. ಕೆಂಪು ಬಿದ್ದರೆ ಎಂಜಿನ್ ಬಂದ್ ಮಾಡುತ್ತೇನೆ, ಪೆಟ್ರೋಲ್ ಉಳಿಯುತ್ತದೆ. ಎರಡೂ ಕಾಲು ಊರಿ ನಿಲ್ಲುತ್ತೇನೆ, ಗಾಡಿ ವಾಲುವುದಿಲ್ಲ. ದೀಪದ ಮೇಲೆಯೇ ಕಣ್ಣಿಟ್ಟಿರಬೇಕು ಅಂತ ಮನೆಯಿಂದ ಹೊರಡುವಾಗ ನಿಶ್ಚಯವನ್ನೂ ಮಾಡಿರುತ್ತೇನೆ. ಆದರೆ ಅಷ್ಟು ಮಂದಿ ಒತ್ತೊತ್ತಿ ನಿಂತಿರುವಾಗ ಸುಮ್ಮನೆ ಕಂಬ ನೋಡುತ್ತ ಕೂಡುವುದು ಮರ್ಯಾದೆ ಅಲ್ಲ ಅಂತ ಅನ್ನಿಸುತ್ತದೆ. ಮೊನ್ನೆ ಸೋಮವಾರ ನನ್ನ ಪಕ್ಕದ ಆಟೊದಲ್ಲಿ ಒಬ್ಬ ಹೆಣ್ಣುಮಗಳು ಬುಟ್ಟಿ ಹಿಡಿದುಕೊಂಡು ಕೂತಿದ್ದಳು. ಮುಖ ಎಲ್ಲೋ ನೋಡಿದ ಹಾಗಿತ್ತು. 'ಯಾ ಊರವ್ವ ನಿಂದು?' ಅಂತ ಕೇಳಿದೆ. ಮುಡಬಿ ಅಂದಳು. ಮುಡಬ್ಯಾಗ ಯಾರ ಪೈಕಿ ಅಂತ ಕೇಳಿದೆ. ಅವಳು ಬುಟ್ಟಿ ಸರಿಸಿಕೊಂಡು, ಹೇಳಲು ಬಾಯಿ ತೆಗೆದಳು. ಅಷ್ಟರಲ್ಲಿ ಹಿಂದಿನಿಂದ ಎಲ್ಲರೂ ತಾವೂ ಇದ್ದೇವೆ ಅಂತ ಹೇಳಲು ಶುರು ಮಾಡಿದರು. ಆ ಗದ್ದಲವನ್ನೆಲ್ಲ ಮೀರಿ ಒಂದು ಗಂಟಲು ಕೇಳಿತು.

'ಅಕ್ಕೋರ, ಹಸರು ಬಿದ್ದದರಿ! ನೋಡ್ರಿ, ನಾ ಮುಟ್ಟಾಕತ್ತಿಲ್ಲ, ಬರೇ ಹೇಳಾಕತ್ತೇನಿ!'

ಎಡಗನ್ನಡಿಯಲ್ಲಿ ಖಾಲಿ ಸೀಟಿನ ಹಿಂದೆ ಬಿಳಿ ಅಂಗಿ, ಬಿಗಿದ ಟವೆಲ್, ಎರಡೂ ಕೈ ಮೇಲೆತ್ತಿದ ವೀರಶೆಟ್ಟಿ. ಅವರ ಹಿಂದೆ ಈ ಸಲ ಅವರ ಮನೆಯವರೂ ಕೂತಿದ್ದರು.

'ಹೂಂ, ಹೂಂ, ಹೊಂಟೆ' ಅಂದೆ. ದೀಪ ನೋಡುವುದು ಮುಂದೆ ಕೂತವರ ಕೆಲಸ ಅಲ್ಲ ಅಂತ ನಮ್ಮವರು ಇಷ್ಟು ವರ್ಷ ಹೇಳಿದರೂ ನಾನು ನಂಬಿರಲಿಲ್ಲ. ಮುಡಬಿಯ ಆ ಹೆಣ್ಣುಮಗಳು ಯಾರ ಪೈಕಿ ಎನ್ನುವುದು ಮಾತ್ರ ಗೊತ್ತಾಗದೆ ಉಳಿಯಿತು.